ಅಡಿಕೆ ತೋಟದ ಮಣ್ಣಲ್ಲಿ ಕೂತ ತಾಮ್ರ: ಅಳೆಯುವುದು ಹೇಗೆ, ಸುಧಾರಿಸುವುದು ಹೇಗೆ

ಅಡಿಕೆಯ ಕೊಳೆರೋಗಕ್ಕೆ ಬಿಡುವ ಮೈಲುತುತ್ತು-ಸುಣ್ಣದ ಮದ್ದೇ ಬೋರ್ಡೋ. ಅದರ 200 ಲೀಟರಿನ ಒಂದು ಬ್ಯಾರೆಲಿಗೆ 2 ಕೆ.ಜಿ. ಮೈಲುತುತ್ತು (ಕಾಪರ್ ಸಲ್ಫೇಟ್) ಬೇಕು. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ, ಸರಿಯಾಗಿ ಹೇಳುವುದಾದರೆ ಶೇ. 25.4, ಶುದ್ಧ ತಾಮ್ರ. ಅಂದರೆ ಪ್ರತಿ ಬ್ಯಾರೆಲ್‌ಗೆ ಅರ್ಧ ಕೆ.ಜಿ. ತಾಮ್ರ ತೋಟಕ್ಕೆ ಇಳಿಯುತ್ತದೆ. ಕೊಳೆರೋಗದ ಮೇಲೆ ಅದರ ಕೆಲಸ ನಾಲ್ಕಾರು ವಾರದಲ್ಲಿ ಮುಗಿಯುತ್ತದೆ. ಆಮೇಲೆ ಮಳೆಗೆ ಗೊನೆಯಿಂದ ತೊಳೆದು ಬುಡಕ್ಕೆ ಬಿದ್ದ ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಕೀಟನಾಶಕವಾದರೆ ಮಣ್ಣಿನಲ್ಲಿ ಒಡೆದು ಹೋದೀತು. ತಾಮ್ರ ಮೂಲಧಾತು, ಒಡೆಯಲು ಅದರಲ್ಲಿ ಏನೂ ಇಲ್ಲ. ಸಾವಯವ ಅಂಶಕ್ಕೂ ಕಬ್ಬಿಣದ ಆಕ್ಸೈಡಿಗೂ ಅಂಟಿಕೊಂಡು ಮೇಲಿನ ಒಂದು ಗೇಣು ಮಣ್ಣಿನಲ್ಲೇ ಕೂರುತ್ತದೆ.

ಅಡಿಕೆಯ ಕೊಳೆರೋಗವನ್ನು ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಅಭ್ಯಾಸ ಮಾಡಿ ವರದಿ ಬರೆದದ್ದು 1910ರಲ್ಲಿ. ಬೋರ್ಡೋ ನಮ್ಮ ತೋಟಗಳಿಗೆ ಬಂದ ಕಥೆ ಅಷ್ಟು ಹಳೆಯದು. ವಿಟ್ಲ, ಪುತ್ತೂರು, ಬೆಳ್ತಂಗಡಿ, ಕಾರ್ಕಳದ ಕಡೆ ಅಜ್ಜನ ಕಾಲದಿಂದ ಮದ್ದು ಬಿಡುತ್ತಿರುವ ತೋಟಗಳು ಬೇಕಷ್ಟಿವೆ. ಮದ್ದು ನಿಲ್ಲಿಸಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ನಮ್ಮ ಮಳೆಗೆ ಅದಿಲ್ಲದೆ ಫಸಲು ಕೈಗೆ ಹತ್ತುವುದಿಲ್ಲ. ಆದರೆ ಎಷ್ಟು ಸೇರಿದೆ ಎಂದು ಒಮ್ಮೆ ಅಳೆಯದೆ ಇನ್ನೂ ಹಾಕುತ್ತಾ ಹೋಗುವುದು ಕಣ್ಣುಮುಚ್ಚಿ ಸಾಲ ಬರೆದ ಹಾಗೆ.

ಮೊದಲು ಕಾಗದದ ಮೇಲೆ ಲೆಕ್ಕ

ಪ್ರಯೋಗಾಲಯಕ್ಕೆ ಹೋಗುವ ಮೊದಲು ಹತ್ತು ನಿಮಿಷ ಕೂತು ಇದನ್ನು ಮಾಡಿ. ವರ್ಷಕ್ಕೆ ಎಕರೆಗೆ ಎಷ್ಟು ಕೆ.ಜಿ. ಮೈಲುತುತ್ತು ಖರ್ಚಾಗುತ್ತದೆ ಎಂದು ಬರೆದು ಅದನ್ನು 4ರಿಂದ ಭಾಗಿಸಿ. ಅಷ್ಟು ಕೆ.ಜಿ. ತಾಮ್ರ.

ಉದಾಹರಣೆಗೆ, ಎಕರೆಗೆ 550 ಮರ, ಒಂದು ಸಲಕ್ಕೆ 5 ಬ್ಯಾರೆಲ್, ವರ್ಷಕ್ಕೆ ಎರಡು ಸಲ. ಒಟ್ಟು 20 ಕೆ.ಜಿ. ಮೈಲುತುತ್ತು, 5 ಕೆ.ಜಿ. ತಾಮ್ರ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 800 ಟನ್. ಎಲ್ಲ ತಾಮ್ರವೂ ಅಲ್ಲೇ ಸಮನಾಗಿ ನಿಂತರೆ ವರ್ಷಕ್ಕೆ ಕೆ.ಜಿ. ಮಣ್ಣಿಗೆ 6 ಮಿ.ಗ್ರಾಂ. ಏರಿಕೆ, 30 ವರ್ಷಕ್ಕೆ 190ರ ಹತ್ತಿರ. ಸ್ವಲ್ಪ ಮಳೆನೀರಿನ ಜತೆ ತೋಡಿಗೆ ಹೋಗುತ್ತದೆ, ಸ್ವಲ್ಪ ಗೊನೆಯ ಜತೆ ಅಂಗಳಕ್ಕೆ ಹೋಗುತ್ತದೆ, ಹಾಗಾಗಿ ನಿಜವಾದ ಅಂಕಿ ಇದಕ್ಕಿಂತ ಕಡಿಮೆ ಇರಬೇಕು.

ಆದರೆ ಎರಡು ಸಂಗತಿಗಳು ಲೆಕ್ಕವನ್ನು ಮೇಲಕ್ಕೆ ಎಳೆಯುತ್ತವೆ. ಒಂದು, ಮದ್ದು ತೊಟ್ಟಿಕ್ಕುವುದು ತೋಟಕ್ಕೆಲ್ಲ ಸಮನಾಗಿ ಅಲ್ಲ, ಮರದ ಬುಡಕ್ಕೆ. ಮುಕ್ಕಾಲು ಮೀಟರ್ ತ್ರಿಜ್ಯದ ಬುಡದಲ್ಲಿ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 345 ಕೆ.ಜಿ.; 550 ಬುಡ ಸೇರಿದರೂ 190 ಟನ್ ಅಷ್ಟೆ. ತಾಮ್ರದ ಅರ್ಧ ಪಾಲು ಬುಡದಲ್ಲೇ ಬಿದ್ದರೆ ಅಲ್ಲಿ ವರ್ಷಕ್ಕೆ 13 ಮಿ.ಗ್ರಾಂ. ಏರುತ್ತದೆ. ಎರಡು, ನಮ್ಮ ಮುರ (ಜಂಬಿಟ್ಟಿಗೆ) ಮಣ್ಣಿನಲ್ಲಿ ಕಲ್ಲುಹರಳು ಜಾಸ್ತಿ. ಬೆಟ್ಟು ಎನ್ನುವ ಎತ್ತರದ ಜಾಗದಲ್ಲಿ ತೂಕದ ಶೇ. 40 ಹರಳೇ ಇದ್ದರೆ ತಾಮ್ರ ಹಿಡಿದುಕೊಳ್ಳುವ ನಯಮಣ್ಣು 800 ಟನ್ ಅಲ್ಲ, 480 ಟನ್. ಆಗ 6 ಇದ್ದದ್ದು 10 ದಾಟುತ್ತದೆ. ಬೇರು ಬದುಕುವುದು ಆ ನಯಮಣ್ಣಿನಲ್ಲೇ.

ಹೋಲಿಕೆಗೆ ಒಂದು ಅಂಕಿ: ದ್ರಾಕ್ಷಿ ತೋಟಗಳಲ್ಲಿ ಬೋರ್ಡೋ ಹುಟ್ಟಿದ ಯುರೋಪಿನಲ್ಲೇ 2019ರಿಂದ ತಾಮ್ರಕ್ಕೆ ಮಿತಿ ಇದೆ, 7 ವರ್ಷದಲ್ಲಿ ಹೆಕ್ಟೇರಿಗೆ 28 ಕೆ.ಜಿ., ಅಂದರೆ ಸರಾಸರಿ ವರ್ಷಕ್ಕೆ 4. ಮೇಲಿನ ಉದಾಹರಣೆಯ ತೋಟದಲ್ಲಿ ಬೀಳುತ್ತಿರುವುದು ಹೆಕ್ಟೇರಿಗೆ 12 ಕೆ.ಜಿ.ಗೂ ಮೇಲೆ.

ಕಾಳುಮೆಣಸು ಇರುವವರು ಇನ್ನೊಂದು ಸಾಲು ಸೇರಿಸಿ. ಸೊರಗು ರೋಗಕ್ಕೆ ಬುಡಕ್ಕೆ ಹೊಯ್ಯುವ ಶೇ. 0.2ರ ಕಾಪರ್ ಆಕ್ಸಿಕ್ಲೋರೈಡ್ ದ್ರಾವಣ ಬಳ್ಳಿಗೆ 5 ಲೀಟರ್ ಎಂದರೆ 10 ಗ್ರಾಂ ಪುಡಿ, ಅದರಲ್ಲಿ 5 ಗ್ರಾಂ ತಾಮ್ರ. ಅದೇ 345 ಕೆ.ಜಿ. ಮಣ್ಣಿಗೆ ಒಂದೇ ಸಲಕ್ಕೆ 14 ಮಿ.ಗ್ರಾಂ. 10 ಲೀಟರ್ ಹೊಯ್ದರೆ 29. ತೋಟದಲ್ಲಿ ತಾಮ್ರ ಅತಿ ಹೆಚ್ಚು ಸೇರುವ ಜಾಗ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಇದು: ಮೆಣಸು ಹಬ್ಬಿದ ಅಡಿಕೆ ಮರದ ಬುಡ. ಅದನ್ನು ಬಿಟ್ಟರೆ ಮದ್ದು ಕಲಸುವ, ಬ್ಯಾರೆಲ್ ತೊಳೆಯುವ ಜಾಗ.

ಮಣ್ಣು ಆರೋಗ್ಯ ಕಾರ್ಡನ್ನು ಓದುವಾಗ

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ತಾಮ್ರವೂ ಒಂದು. ಹೆಚ್ಚಿನವರು ಅಲ್ಲಿ "ಸಾಕಷ್ಟು" ಎಂದು ಕಂಡು ಕಾರ್ಡನ್ನು ಮಡಚಿ ಇಡುತ್ತಾರೆ. ಆ ಕಾರ್ಡು ಕೊರತೆ ಹುಡುಕಲು ಮಾಡಿದ್ದು. ಡಿಟಿಪಿಎ ಎಂಬ ದ್ರಾವಣದಲ್ಲಿ ಕರಗಿ ಬರುವ ತಾಮ್ರ 0.2 ಪಿಪಿಎಂ (ಕೆ.ಜಿ. ಮಣ್ಣಿಗೆ ಇಷ್ಟು ಮಿ.ಗ್ರಾಂ. ಎಂದೇ ಅರ್ಥ) ದಾಟಿದರೆ ಸಾಕು, ಅದು "ಸಾಕಷ್ಟು" ಎನ್ನುತ್ತದೆ. 2 ಇದ್ದರೂ ಅದೇ ಪದ, 40 ಇದ್ದರೂ ಅದೇ ಪದ. ಆದ್ದರಿಂದ ಪದ ಬಿಟ್ಟು ಅಂಕಿ ನೋಡಿ. ಅಂಕಿ 20ರ ಮೇಲಿದ್ದರೆ ಒಟ್ಟು ತಾಮ್ರದ ಪರೀಕ್ಷೆಗೆ ದುಡ್ಡು ಹಾಕುವುದು ಸಾರ್ಥಕ ಎಂಬುದು ನಮ್ಮ ಅಂದಾಜು. ಡಿಟಿಪಿಎ ವಿಧಾನ ಸಿದ್ಧವಾದದ್ದು ಸುಣ್ಣದ ಅಂಶವಿರುವ ತಟಸ್ಥ ಮಣ್ಣಿಗೆ. ನಮ್ಮ ಹುಳಿ ಮಣ್ಣಿನಲ್ಲಿ ಅದರ ಅಂಕಿಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸಬಹುದು, ಅದೊಂದನ್ನೇ ನಂಬಿ ತೀರ್ಪು ಕೊಡಬಾರದು.

ಮಾದರಿ ತೆಗೆಯುವುದು

ತಪ್ಪು ಹೆಚ್ಚಾಗಿ ಆಗುವುದು ಇಲ್ಲಿ, ಪ್ರಯೋಗಾಲಯದಲ್ಲಲ್ಲ. ತಾಮ್ರವನ್ನು ಅಳೆಯಹೊರಟು ಕೈಯಾರೆ ತಾಮ್ರ ಸೇರಿಸಿ ಕಳಿಸುವವರು ಇದ್ದಾರೆ.

ಸಮಯ: ನವೆಂಬರ್ ಕೊನೆಯಿಂದ ಜನವರಿ. ಕೊನೆಯ ಮದ್ದು ಬಿಟ್ಟು ಎರಡು ತಿಂಗಳಾದರೂ ಆಗಿರಬೇಕು. ಸುಣ್ಣ, ಹಟ್ಟಿಗೊಬ್ಬರ ಹಾಕುವ ಮೊದಲೇ ಮುಗಿಸಬೇಕು.

ಬೇಕಾದದ್ದು: ಪಿಕ್ಕಾಸು ಅಥವಾ ಹಾರೆ, ಎರಡು ಮೂರು ಹೊಸ ಪ್ಲಾಸ್ಟಿಕ್ ಬಕೆಟ್, ದಪ್ಪ ಪಾಲಿಥೀನ್ ಚೀಲ, 2 ಮಿ.ಮೀ. ಕಣ್ಣಿನ ನೈಲಾನ್ ಅಥವಾ ಪ್ಲಾಸ್ಟಿಕ್ ಜರಡಿ, ಅಡುಗೆಮನೆ ತಕ್ಕಡಿ, ಪೆನ್ಸಿಲ್. ಕಬ್ಬಿಣದ ಸಲಕರಣೆಗೆ ತುಕ್ಕು ಹಿಡಿದಿದ್ದರೂ ತೊಂದರೆ ಇಲ್ಲ. ಹಿತ್ತಾಳೆ ಜರಡಿ ಬೇಡವೇ ಬೇಡ; ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಜಿಂಕ್ ಲೇಪದ ಬಕೆಟ್ ಸತುವಿನ ಅಂಕಿಯನ್ನು ಕೆಡಿಸುತ್ತದೆ. ಮೈಲುತುತ್ತು ಕಲಸಿದ ಬಕೆಟ್ಟನ್ನು ಎಷ್ಟು ತೊಳೆದರೂ ತರಬೇಡಿ. ಮಣ್ಣು ಒಣಗಿಸಲು ಅಡಿಕೆ ಹಾಳೆ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಆ ಹಾಳೆಯ ಮೈಮೇಲೆ ಕಳೆದ ಮಳೆಗಾಲದ ನೀಲಿ ಕಲೆ ಇನ್ನೂ ಇರುತ್ತದೆ. ಹೊಸ ಪ್ಲಾಸ್ಟಿಕ್ ಹಾಳೆ ಹಾಸಿ.

ಜಾಗ: ತೋಟವನ್ನು ಒಂದೇ ಎಂದು ನೋಡಬೇಡಿ. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಮೂರೂ ಇದ್ದರೆ ಮೂರು ಬೇರೆ. ಹಳೆ ತೋಟ, ಹತ್ತು ವರ್ಷದ ಹಿಂದೆ ಗದ್ದೆ ಏರಿಸಿ ಮಾಡಿದ ಹೊಸ ತೋಟ ಬೇರೆ. ಒಂದೊಂದರಲ್ಲೂ ಮೂರು ಚೀಲ ಆಗಬೇಕು:

- ಬುಡದ ಮಣ್ಣು, 0–15 ಸೆಂ.ಮೀ. ಆಳ, ಕಾಂಡದಿಂದ ಒಂದೂವರೆ ಎರಡು ಅಡಿ ದೂರದಲ್ಲಿ
- ಅದೇ ಗುಂಡಿಯ 15–30 ಸೆಂ.ಮೀ. ಆಳದ ಮಣ್ಣು
- ಸಾಲುಗಳ ನಡುವಿನ ಮಣ್ಣು, 0–15 ಸೆಂ.ಮೀ.

ಇವಲ್ಲದೆ ನಾಲ್ಕನೆಯ ಚೀಲ ಒಂದಿದೆ. ಅದು ಮದ್ದೇ ಕಾಣದ ಮಣ್ಣು. ಬೆಟ್ಟು ತೋಟವಾದರೆ ಪಕ್ಕದ ಕುಮ್ಕಿಯಲ್ಲೋ (ಪಟ್ಟಾ ಜಾಗಕ್ಕೆ ತಾಗಿದ ಸರಕಾರಿ ಭೂಮಿ) ಸೊಪ್ಪಿನ ಗುಡ್ಡೆಯಲ್ಲೋ ತೆಗೆಯಿರಿ. ಗದ್ದೆ ಏರಿಸಿದ ತೋಟವಾದರೆ ಪಕ್ಕದಲ್ಲಿ ಇನ್ನೂ ಗದ್ದೆಯಾಗಿಯೇ ಉಳಿದ, ತೋಟದ ನೀರು ಹರಿದು ಬಾರದ ಜಾಗದ ಮಣ್ಣು. ಇದನ್ನು ಬಿಟ್ಟರೆ ಉಳಿದ ಮೂರು ಚೀಲದ ಅಂಕಿಗೆ ಅರ್ಥವೇ ಬರುವುದಿಲ್ಲ. ಮುರ ಮಣ್ಣಿನಲ್ಲಿ ಹುಟ್ಟಿನಿಂದಲೇ ಕೆಲವು ಲೋಹ ಹೆಚ್ಚಿರಬಹುದು, ಕ್ರೋಮಿಯಂ ವಿಶೇಷವಾಗಿ. "ಇಷ್ಟಿದೆ" ಎಂಬುದಕ್ಕಿಂತ "ಗುಡ್ಡೆಗಿಂತ ಇಷ್ಟು ಜಾಸ್ತಿ ಇದೆ" ಎಂಬುದೇ ಉಪಯೋಗದ ಮಾತು.

ಕೆಲಸ ಹೀಗೆ. ಒಂದು ಎಕರೆಗೆ 12ರಿಂದ 15 ಮರ ಆರಿಸಿ, ಅಡ್ಡಾದಿಡ್ಡಿ ನಡೆಯುತ್ತಾ. ಮದ್ದು ಕಲಸುವ ಜಾಗದಿಂದ, ಪಂಪು ಇಟ್ಟ ಜಾಗದಿಂದ 10 ಮೀಟರ್ ದೂರ ಇರಲಿ. ಆ ಜಾಗ ನೋಡಬೇಕಿದ್ದರೆ ಅದಕ್ಕೇ ಪ್ರತ್ಯೇಕ ಚೀಲ. ಮೇಲಿನ ಒಣ ಸೋಗೆ, ಕೊಳೆಯದ ಸೊಪ್ಪು ಸರಿಸಿ. ಕಪ್ಪಗೆ ಪುಡಿಯಾದ ಗೊಬ್ಬರದ ಪದರವನ್ನು ಮಾತ್ರ ಸರಿಸಬೇಡಿ, ತಾಮ್ರ ಅತಿ ಹೆಚ್ಚು ಕೂತಿರುವುದು ಅಲ್ಲೇ. ಇಂಗ್ಲಿಷಿನ "ವಿ" ಆಕಾರಕ್ಕೆ ಗುಂಡಿ ತೋಡಿ, ಒಂದು ಬದಿಯಿಂದ ಮೇಲಿನಿಂದ ಕೆಳಕ್ಕೆ ಸಮ ದಪ್ಪದ ಒಂದು ಹಲ್ಲೆ ಇಳಿಸಿ ಬಕೆಟ್ಟಿಗೆ ಹಾಕಿ. ಮೇಲೆ ದಪ್ಪ, ಕೆಳಗೆ ತೆಳು ಆದರೆ ಅಂಕಿ ಸುಳ್ಳಾಗಿ ಏರುತ್ತದೆ. 15–30ರ ಮಣ್ಣು ತೆಗೆಯುವ ಮೊದಲು ಮೇಲಿನಿಂದ ಉದುರಿದ ಪುಡಿಯನ್ನು ಕೈಯಿಂದ ತೆಗೆದುಬಿಡಿ.

ಬಕೆಟ್ಟಿನ ಮಣ್ಣು ಕಲಸಿ, ಹರಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಒಂದು ಕೆ.ಜಿ.ಗೆ ಇಳಿಸಿ. ನೆರಳಲ್ಲಿ ಐದಾರು ದಿನ ಒಣಗಲಿ. ಹೆಂಟೆಯನ್ನು ಮರದ ಕೊಡತಿಯಿಂದ ಮೆಲ್ಲಗೆ ಒಡೆಯಿರಿ, ಹರಳು ಪುಡಿಯಾಗಬಾರದು. ಜರಡಿ ಹಿಡಿದು ಮೇಲುಳಿದ ಹರಳನ್ನೂ ಕೆಳಗಿಳಿದ ನಯಮಣ್ಣನ್ನೂ ಬೇರೆ ಬೇರೆ ತೂಗಿ ಬರೆದಿಡಿ. ಹರಳಿನ ಪ್ರಮಾಣ ವರದಿಯಲ್ಲಿ ಬರುವುದಿಲ್ಲ, ಅದು ನಿಮ್ಮ ಪುಸ್ತಕದಲ್ಲೇ ಇರಬೇಕು. 500 ಗ್ರಾಂ ನಯಮಣ್ಣು ಚೀಲಕ್ಕೆ, ಪೆನ್ಸಿಲಲ್ಲಿ ಬರೆದ ಚೀಟಿ ಅದರ ಹೊರಗೆ ಹಾಕುವ ಎರಡನೆಯ ಚೀಲಕ್ಕೆ. ಶಾಯಿಯಲ್ಲಿ ಬರೆದರೆ ತೇವಕ್ಕೆ ಅಳಿಸಿ ಯಾವ ಚೀಲ ಯಾವುದೆಂದು ಗೊತ್ತಾಗದೆ ಎಲ್ಲ ಮೊದಲಿನಿಂದ ಶುರು.

ಎಲ್ಲಿಗೆ ಕಳಿಸುವುದು, ಏನು ಕೇಳುವುದು

ಪಿಎಚ್ (ಮಣ್ಣಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಸಾವಯವ ಇಂಗಾಲ, ಡಿಟಿಪಿಎ ತಾಮ್ರ ಮತ್ತು ಸತುವಿಗೆ ಮಂಗಳೂರು, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಅಥವಾ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿ. ಒಟ್ಟು ತಾಮ್ರಕ್ಕೆ ಮಣ್ಣನ್ನು ಬಲವಾದ ಆಮ್ಲದಲ್ಲಿ ಕುದಿಸಬೇಕಾಗುತ್ತದೆ. ಅದನ್ನು ಎಲ್ಲ ಕಡೆ ಮಾಡುವುದಿಲ್ಲ. ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯ ಬೇಕು. ಮಾನ್ಯತೆ ನೀರಿಗೋ ಮಣ್ಣಿಗೋ ಎಂದೂ ಕೇಳಿ, ನೀರಿಗೆ ಮಾತ್ರ ಇರುವುದುಂಟು.

ಅರ್ಜಿಯಲ್ಲಿ "ಹೆವಿ ಮೆಟಲ್ ಟೆಸ್ಟ್" ಎಂದಷ್ಟೇ ಬರೆದರೆ ಹತ್ತು ಲೋಹದ ದುಬಾರಿ ಪಟ್ಟಿ ಕೊಟ್ಟಾರು. ಹೀಗೆ ಬರೆಯಿರಿ: "ಒಟ್ಟು ತಾಮ್ರ, ಅಕ್ವಾ ರೀಜಿಯಾ ಜೀರ್ಣ ವಿಧಾನ, ಎಎಎಸ್ ಅಥವಾ ಐಸಿಪಿ, ಒಣ ಮಣ್ಣಿನ ಲೆಕ್ಕದಲ್ಲಿ ಮಿ.ಗ್ರಾಂ. ಪ್ರತಿ ಕೆ.ಜಿ." (ಅಕ್ವಾ ರೀಜಿಯಾ ಎಂದರೆ ಆ ಬಲವಾದ ಆಮ್ಲದ ಮಿಶ್ರಣ; ಎಎಎಸ್, ಐಸಿಪಿ ಲೋಹ ಅಳೆಯುವ ಯಂತ್ರಗಳು.) ಒಂದೇ ಮಣ್ಣನ್ನು ಎರಡು ಹೆಸರಿನಲ್ಲಿ ಎರಡು ಚೀಲ ಮಾಡಿ ಕಳಿಸುವುದು ಒಳ್ಳೆಯ ಅಭ್ಯಾಸ. ಎರಡರ ಅಂಕಿ ಶೇ. 10–15ರೊಳಗೆ ಹೊಂದದಿದ್ದರೆ ಉಳಿದ ಅಂಕಿಗಳನ್ನೂ ನಂಬುವ ಮೊದಲು ಫೋನ್ ಮಾಡಿ ಕೇಳಬೇಕು.

ಸೀಸ, ಕ್ಯಾಡ್ಮಿಯಂ ಇತ್ಯಾದಿ ಬೇಕೇ? ಮಾಮೂಲಿ ತೋಟಕ್ಕೆ ಬೇಡ. ಶಿಲಾರಂಜಕದಲ್ಲಿ (ರಾಕ್ ಫಾಸ್ಫೇಟ್ ಗೊಬ್ಬರ) ಕ್ಯಾಡ್ಮಿಯಂ ಬರುತ್ತದೆ ಎಂಬ ಹೆದರಿಕೆ ಇದೆ. ಕೆ.ಜಿ.ಗೆ 20 ಮಿ.ಗ್ರಾಂ. ಇದೆ ಎಂದೇ ಇಟ್ಟುಕೊಳ್ಳಿ, ಮರಕ್ಕೆ ವರ್ಷಕ್ಕೆ 200 ಗ್ರಾಂ ಹಾಕಿದರೆ ಬರುವುದು 4 ಮಿ.ಗ್ರಾಂ.; 345 ಕೆ.ಜಿ. ಮಣ್ಣಿಗೆ 0.01ರ ಆಸುಪಾಸು. ತಲೆಬಿಸಿ ಮಾಡುವಂಥದ್ದಲ್ಲ. ಆದರೆ ಹೆದ್ದಾರಿ ಬದಿಯ ತೋಟ, ಗುಜರಿ ಅಥವಾ ಬ್ಯಾಟರಿ ಕೆಲಸ ನಡೆದ ಜಾಗ, ಕಸದ ರಾಶಿಯ ಕೆಳಗಿನ ತೋಟ ಬೇರೆ ಮಾತು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಮಂದಾರದ ತೋಟಗಳ ಮೇಲೆ ಬಂತಲ್ಲ, ಅಂಥ ಕಡೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ಸತು ಎಲ್ಲವನ್ನೂ ಮಣ್ಣಿನಲ್ಲೂ ಬಾವಿಯಲ್ಲೂ ನೋಡಬೇಕು.

ಅಂಕಿ ಬಂದ ಮೇಲೆ

ಮೊದಲು ಕಣ್ಣು ಹಾಕಬೇಕಾದದ್ದು ಪಿಎಚ್‌ಗೆ. 100 ಮಿ.ಗ್ರಾಂ. ತಾಮ್ರ ಪಿಎಚ್ 6ರಲ್ಲಿ ಸುಮ್ಮನೆ ಕೂತಿರುತ್ತದೆ, ಪಿಎಚ್ 4.8ರಲ್ಲಿ ಅದೇ ತಾಮ್ರ ಕರಗಿ ಬೇರಿನ ತುದಿ ಹಿಡಿಯುತ್ತದೆ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿ.ಮೀ. ಮಳೆ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗುವ ಈ ಕರಾವಳಿಯಲ್ಲಿ ಪಿಎಚ್ 5ರ ಆಚೀಚೆ ಇರುವುದೇ ಸಾಮಾನ್ಯ.

ಒಟ್ಟು ತಾಮ್ರಕ್ಕೆ ಒಂದೇ ಗೆರೆ ಎಲ್ಲೂ ಇಲ್ಲ. ಯುರೋಪಿನಲ್ಲಿ ಚರಂಡಿ ಕೆಸರು ಹಾಕುವ ಹೊಲಕ್ಕೆ, ಪಿಎಚ್ 6–7 ಇದ್ದಾಗ, 50ರಿಂದ 140 ಮಿ.ಗ್ರಾಂ.ನೊಳಗೆ ಎಂದಿದೆ. ನಮ್ಮ ದೇಶದ ಸಂಶೋಧನಾ ಲೇಖನಗಳಲ್ಲಿ 135–270 ಎಂಬ ಗೆರೆ ಹೆಚ್ಚಾಗಿ ಕಾಣಿಸುತ್ತದೆ. ಹುಳಿ ಮಣ್ಣಿಗೆ ಕೆಳಗಿನ ತುದಿಯನ್ನೇ ಹಿಡಿಯುವುದು ಜಾಣತನ. ನಾವು ಬಳಸುವ ಒರಟು ಅಳತೆ: ಗುಡ್ಡೆಯ ಮಣ್ಣಿಗಿಂತ 50 ಮಿ.ಗ್ರಾಂ.ನೊಳಗೆ ಜಾಸ್ತಿ ಇದ್ದರೆ ಪಿಎಚ್ ಕಾಯ್ದುಕೊಂಡರೆ ಸಾಕು. 50ರಿಂದ 150 ಜಾಸ್ತಿ ಇದ್ದರೆ ಹೊಸ ತಾಮ್ರ ಕಡಿಮೆ ಮಾಡುವ ಯೋಚನೆ ಶುರುವಾಗಬೇಕು. ಅದರ ಮೇಲೆ ಹೋದರೆ ತೋಟದೊಳಗೆ ತರಕಾರಿ, ಅಲಸಂಡೆ, ಹೊಸ ಸಸಿ ಹಾಕುವ ಮೊದಲು ಕೆಳಗಿನ ಕುಂಡ ಪರೀಕ್ಷೆ ಮಾಡದೆ ಮುಂದುವರಿಯಬೇಡಿ.

ದೊಡ್ಡ ಅಡಿಕೆ ಮರ ತಾಮ್ರಕ್ಕೆ ಬೇಗ ಬಗ್ಗುವುದಿಲ್ಲ, ಅದರ ಬೇರು ಕೆಳಗಿನ ಮಣ್ಣಿನಲ್ಲೂ ಇದೆ. ಮೊದಲು ಗೊತ್ತಾಗುವುದು ಎಳೆ ಬೇರಿಗೆ: ಸತ್ತ ಮರದ ಜಾಗದಲ್ಲಿ ನೆಟ್ಟ ಸಸಿ ಏಳುವುದಿಲ್ಲ, ಹೊಸ ಎಲೆ ನರ ಹಸಿರಾಗಿ ನಡುವೆ ಹಳದಿಯಾಗುತ್ತದೆ, ಕಿತ್ತು ನೋಡಿದರೆ ಬೇರು ಗಿಡ್ಡ, ದಪ್ಪ, ತುದಿ ಕಂದು. ತಾಮ್ರ ಹೆಚ್ಚಾದಾಗ ಬೇರು ಕಬ್ಬಿಣವನ್ನೂ ಸತುವನ್ನೂ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮಣ್ಣಲ್ಲಿ ಕಬ್ಬಿಣ ತುಂಬಿ ತುಳುಕುತ್ತಿರುವ ಈ ಊರಲ್ಲಿ ಕಬ್ಬಿಣದ ಕೊರತೆಯ ಲಕ್ಷಣ ಕಂಡರೆ ಅನುಮಾನ ಪಡಲೇಬೇಕು. ಬುಡ ಬಿಡಿಸುವಾಗ ಎರೆಹುಳ ಎಷ್ಟು ಸಿಗುತ್ತದೆ ಎಂಬುದೂ ಒಂದು ಸುಳಿವು.

ಕುಂಡ ಪರೀಕ್ಷೆ

ಖರ್ಚಿಲ್ಲ, ನಲವತ್ತು ದಿನ ಬೇಕು. ತಲಾ 2 ಕೆ.ಜಿ. ಹಿಡಿಯುವ ಆರು ಕುಂಡ ಅಥವಾ ಗ್ರೋ ಬ್ಯಾಗ್. ಎರಡಕ್ಕೆ ಬುಡದ ಮಣ್ಣು. ಎರಡಕ್ಕೆ ಬುಡದ ಮಣ್ಣಿನ ಜತೆ ಕೆ.ಜಿ.ಗೆ 1 ಗ್ರಾಂನಂತೆ ಕೃಷಿ ಸುಣ್ಣ. ಇನ್ನೆರಡಕ್ಕೆ ಗುಡ್ಡೆಯ ಮಣ್ಣು. ಎಲ್ಲಕ್ಕೂ ಒಂದೊಂದು ಹಿಡಿ ಹಟ್ಟಿಗೊಬ್ಬರ, ಒಂದೇ ರಾಶಿಯಿಂದ. ನೀರು ಚಿಮುಕಿಸಿ ಹತ್ತು ದಿನ ಬಿಡಿ, ಸುಣ್ಣ ಕೆಲಸ ಮಾಡಲು ಅಷ್ಟು ಹೊತ್ತು ಬೇಕು. ಆಮೇಲೆ ಕುಂಡಕ್ಕೆ ಹತ್ತು ಅಲಸಂಡೆ ಬೀಜ.

15 ದಿನಕ್ಕೆ ಅರ್ಧ ಗಿಡ ನೀರಲ್ಲಿ ನೆನೆಸಿ ಎತ್ತಿ ಬೇರು ನೋಡಿ. 30 ದಿನಕ್ಕೆ ಉಳಿದದ್ದನ್ನು ಕಿತ್ತು ಬೇರಿನ ಗಂಟು ಎಣಿಸಿ, ಗಂಟು ಸೀಳಿದರೆ ಒಳಗೆ ಗುಲಾಬಿ ಬಣ್ಣ ಇರಬೇಕು.

ಓದುವಾಗ ಎಚ್ಚರ. ಪಿಎಚ್ 5ಕ್ಕಿಂತ ಕೆಳಗೆ ಅಲ್ಯುಮಿನಿಯಂ ಕರಗಿ ಬೇರಿಗೆ ಇದೇ ರೀತಿಯ ಪೆಟ್ಟು ಕೊಡುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಗುಡ್ಡೆಯ ಮಣ್ಣಲ್ಲೂ ಬೇರು ಕೆಟ್ಟಿದ್ದರೆ ದೋಷ ಹುಳಿಯದ್ದು, ತಾಮ್ರದ ಮೇಲೆ ಹಾಕಬೇಡಿ. ಗುಡ್ಡೆಯ ಮಣ್ಣಲ್ಲಿ ಚೆನ್ನಾಗಿ ಬಂದು ಬುಡದ ಮಣ್ಣಲ್ಲಿ ಕುಂಟಿದರೆ, ಎರಡರ ಪಿಎಚ್ ಹೆಚ್ಚುಕಡಿಮೆ ಒಂದೇ ಇದ್ದರೆ, ತಾಮ್ರವೇ ಇರಬೇಕು. ಸುಣ್ಣ ಹಾಕಿದ ಕುಂಡ ಚೇತರಿಸಿಕೊಂಡಿದ್ದರೆ ಒಳ್ಳೆಯ ಸುದ್ದಿ, ಮದ್ದು ಕೈಯಲ್ಲೇ ಇದೆ.

ಸುಣ್ಣ, ಸೊಪ್ಪು, ಹೊಸ ಮಣ್ಣು

ತಾಮ್ರವನ್ನು ಮಣ್ಣಿನಿಂದ ತೆಗೆಯುವ ಗಿಡ ಎಂದು ಯಾರಾದರೂ ಬೀಜ ಮಾರಲು ಬಂದರೆ ಲೆಕ್ಕ ಕೇಳಿ. ಎಕರೆಗೆ 2 ಟನ್ ಒಣ ಸೊಪ್ಪು ಬೆಳೆದು, ಅದರಲ್ಲಿ ಕೆ.ಜಿ.ಗೆ 20 ಮಿ.ಗ್ರಾಂ. ತಾಮ್ರ ಇದ್ದರೂ ವರ್ಷಕ್ಕೆ ಹೊರಹೋಗುವುದು 40 ಗ್ರಾಂ. ಒಂದೇ ಬ್ಯಾರೆಲ್ ಮದ್ದಿನಲ್ಲಿ ಅದರ ಹನ್ನೆರಡು ಪಟ್ಟು ವಾಪಸು ಬರುತ್ತದೆ. ತೆಗೆಯುವ ಆಸೆ ಬಿಟ್ಟು ಕಟ್ಟಿಹಾಕುವುದನ್ನು ನೋಡಬೇಕು.

ಸುಣ್ಣ ಮೊದಲು. ಪಿಎಚ್ 5.5ರಿಂದ 6ಕ್ಕೆ ತರುವುದು ಗುರಿ. ಮರಕ್ಕೆ ಅರ್ಧ ಕೆ.ಜಿ. ಕೃಷಿ ಸುಣ್ಣ ಅಥವಾ ಡಾಲೊಮೈಟ್. ನಮ್ಮಲ್ಲಿ ಮೆಗ್ನೀಸಿಯಂ ಕೂಡ ಕಡಿಮೆ ಇರುವುದರಿಂದ ಡಾಲೊಮೈಟ್ ವಾಸಿ. ಪತ್ತನಾಜೆಯ (ಮೇ ಕೊನೆಯ ವಾರ) ಸುಮಾರಿಗೆ ಒಂದೆರಡು ಮಳೆ ಬಿದ್ದ ಮೇಲೆ, ಅಥವಾ ಮಳೆ ಇಳಿದ ಸೆಪ್ಟೆಂಬರ್ ಕೊನೆಗೆ ಬುಡದ ಸುತ್ತ ಉದುರಿಸಿ ಮೇಲಿನ ಮೂರ್ನಾಲ್ಕು ಇಂಚಿನಲ್ಲಿ ಕೆದಕಿ ಸೇರಿಸಿ. ಹಾಗೇ ಮೇಲೆ ಬಿಟ್ಟರೆ ಗಡ್ಡೆ ಕಟ್ಟಿ ಕೂರುತ್ತದೆ. ಯೂರಿಯಾ, ಹಟ್ಟಿಗೊಬ್ಬರಕ್ಕೂ ಸುಣ್ಣಕ್ಕೂ ಮೂರು ವಾರದ ಅಂತರ ಇರಲಿ, ಇಲ್ಲದಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಎರಡು ವರ್ಷ ಬಿಟ್ಟು ಮತ್ತೆ ಪಿಎಚ್ ನೋಡಿ. 6.5 ದಾಟಿಸಿದರೆ ಬೋರಾನ್, ಸತು ಕೈಕೊಡುತ್ತದೆ.

"ಬೋರ್ಡೋದಲ್ಲೇ ಸುಣ್ಣ ಇದೆಯಲ್ಲ, ಮತ್ತೇಕೆ?" ಎಂಬ ಪ್ರಶ್ನೆ ಬರುತ್ತದೆ. ಎಕರೆಗೆ 5 ಬ್ಯಾರೆಲ್‌ನಲ್ಲಿ ಹೋಗುವುದು 10 ಕೆ.ಜಿ.; ಮರಕ್ಕೆ ಅರ್ಧ ಕೆ.ಜಿ.ಯಂತೆ ಬೇಕಾದದ್ದು 275 ಕೆ.ಜಿ. ಆ ಹತ್ತರಲ್ಲೂ ಒಂದು ಪಾಲು ಮೈಲುತುತ್ತಿನ ಹುಳಿಯನ್ನು ಮುರಿಯಲು ಖರ್ಚಾಗಿರುತ್ತದೆ. (ನೀಲಗಿರಿಯ ಚಹಾ ತೋಟಗಳಲ್ಲೂ ಎಲೆಯ ಬೊಕ್ಕೆ ರೋಗಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಬಿಡುತ್ತಾರೆ, ತಾಮ್ರದ ತಲೆನೋವು ಅಲ್ಲೂ ಇದೆ. ಆದರೆ ಚಹಾ ಗಿಡಕ್ಕೆ ಪಿಎಚ್ 4.5–5.5ರ ಹುಳಿ ಮಣ್ಣೇ ಬೇಕು, ಹಾಗಾಗಿ ಅವರಿಗೆ ಸುಣ್ಣದ ದಾರಿ ನಮ್ಮಷ್ಟು ಸಲೀಸಲ್ಲ.)

ಸೊಪ್ಪು ಮತ್ತು ಕಾಂಪೋಸ್ಟ್ ಮರಕ್ಕೆ ತಲಾ 12 ಕೆ.ಜಿ. ಎಂಬ ಹಳೆಯ ಶಿಫಾರಸು ಇದೆಯಲ್ಲ, ತಾಮ್ರದ ದೃಷ್ಟಿಯಿಂದಲೂ ಅದು ಸರಿ. ಕೊಳೆತ ಸಾವಯವ ಅಂಶದಷ್ಟು ಗಟ್ಟಿಯಾಗಿ ತಾಮ್ರವನ್ನು ಹಿಡಿಯುವ ವಸ್ತು ಮಣ್ಣಿನಲ್ಲಿ ಇನ್ನೊಂದಿಲ್ಲ. ಗುಡ್ಡೆಯ ಸೊಪ್ಪು ತಂದರೆ ಶುದ್ಧ ಸಾವಯವ ಬಂತು. ತೋಟದ್ದೇ ಸೋಗೆ, ಹಾಳೆ, ಸಿಪ್ಪೆ ಮಾತ್ರ ಸುತ್ತಿ ಸುತ್ತಿ ಹಾಕಿದರೆ ಅದರ ಮೇಲಿನ ತಾಮ್ರವೂ ವಾಪಸು ಬಂತು. ಹೊರಗಿನ ಗೊಬ್ಬರ ಕೊಳ್ಳುವವರು ವರದಿ ಕೇಳಿ: ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರ ಕಾಂಪೋಸ್ಟಿಗೆ ತಾಮ್ರ 300, ಸತು 1000, ಸೀಸ 100, ಕ್ಯಾಡ್ಮಿಯಂ 5 ಮಿ.ಗ್ರಾಂ. ಮಿತಿ ಇದೆ. ಕೋಳಿಗೊಬ್ಬರದಲ್ಲೂ ಮೇವಿನ ಮೂಲಕ ಬಂದ ತಾಮ್ರ, ಸತು ಇರುತ್ತದೆ. ಹಾಕಬಾರದೆಂದಲ್ಲ, ಲೆಕ್ಕದಲ್ಲಿ ಸೇರಿಸಿ. ಅಡಿಕೆಗೆಂದೇ ಮಾರುವ ಲಘು ಪೋಷಕಾಂಶ ಮಿಶ್ರಣದ ಚೀಲ ತಿರುಗಿಸಿ ಓದಿ. ತಾಮ್ರ ಎಂದು ಬರೆದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬೇಕಾದ ಸತು, ಬೋರಾನ್ ಮಾತ್ರ ಬಿಡಿಯಾಗಿ ತನ್ನಿ.

ಬುಡಕ್ಕೆ ಹೊಸ ಮಣ್ಣು ಏರಿಸುವ ಹಿರಿಯರ ಪದ್ಧತಿ ಇಲ್ಲಿ ನಿಜಕ್ಕೂ ಉಪಕಾರಿ. ಎರಡು ಇಂಚು ಗುಡ್ಡೆಯ ಮಣ್ಣು ಬಿದ್ದರೆ ಎಳೆ ಬೇರಿಗೆ ಒಂದು ಶುದ್ಧ ಪದರ ಸಿಗುತ್ತದೆ. ಸಸಿ ಮರುನೆಡುವಾಗ ಹಳೆ ಬುಡದಲ್ಲೇ ಗುಂಡಿ ತೆಗೆಯುವವರು ಮೇಲಿನ ಒಂದು ಗೇಣು ಮಣ್ಣನ್ನು ಬದಿಗೆ ಹಾಕಿ, ಕೆಳಗಿನ ಮಣ್ಣು ಮತ್ತು ಗೊಬ್ಬರದಿಂದ ಗುಂಡಿ ತುಂಬಿ. ಅಭ್ಯಾಸಬಲದಿಂದ ಮೇಲ್ಮಣ್ಣನ್ನೇ ಗುಂಡಿಯ ತಳಕ್ಕೆ ಹಾಕುತ್ತೇವೆ. ಹಳೆ ತೋಟದಲ್ಲಿ ಅದು ತಾಮ್ರವನ್ನು ನೇರ ಸಸಿಯ ಬೇರಿಗೆ ಉಣಿಸಿದ ಹಾಗೆ.

ಬೀಳುವ ತಾಮ್ರ ಕಡಿಮೆ ಮಾಡುವುದು

ಬೋರ್ಡೋದ ಶೇ. 1ರ ಬಲವನ್ನು ಅರ್ಧಕ್ಕೆ ಇಳಿಸುವುದು ಉಪಾಯವಲ್ಲ. ರೋಗ ಹಿಡಿಯುತ್ತದೆ, ಮೂರನೆಯ ಸಲ ಬಿಡಬೇಕಾಗುತ್ತದೆ, ಉಳಿಸಿದ್ದರಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಉಳಿತಾಯ ಸಿಗುವುದು ಬೇರೆ ಕಡೆ.

ಕಲಸುವಾಗ: 1 ಕೆ.ಜಿ. ಮೈಲುತುತ್ತು 50 ಲೀಟರಿನಲ್ಲಿ, 1 ಕೆ.ಜಿ. ಒಳ್ಳೆ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಪಾತ್ರೆ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕೈ ಬಿಡದೆ ತಿರುಗಿಸುತ್ತಾ. ತಿರುಗಮುರುಗ ಮಾಡಿದರೆ ಕಣ ದಪ್ಪವಾಗಿ ಗೊನೆಯಲ್ಲಿ ನಿಲ್ಲದೆ ಬೇಗ ತೊಳೆದುಹೋಗುತ್ತದೆ, ಅಂದರೆ ಬುಡಕ್ಕೆ ಬರುತ್ತದೆ. ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ವರ್ಷಗಟ್ಟಲೆ ಗಾಳಿಗೆ ಬಿದ್ದಿದ್ದ ಸುಣ್ಣಕ್ಕೆ ಈ ದೋಷ ಬರುವುದು ಜಾಸ್ತಿ. ಕಲಸಿದ್ದನ್ನು ಅದೇ ದಿನ ಮುಗಿಸಿ.

ಬಿಡುವಾಗ: ಮೊದಲ ಮದ್ದು ಮಳೆ ಹಿಡಿಯುವ ಮೊದಲೇ, ಗೊನೆ ಒಣಗಿರುವಾಗ. ಎರಡನೆಯದು 40–45 ದಿನಕ್ಕೆ, ಆಟಿಯ (ಜುಲೈ–ಆಗಸ್ಟ್ ನಡುವಿನ ತುಳು ತಿಂಗಳು) ಬಿಸಿಲು ಸಿಕ್ಕ ಎರಡು ದಿನ ನೋಡಿಕೊಂಡು. ಗೊನೆ ತೊಯ್ದರೆ ಸಾಕು, ಧಾರೆ ಇಳಿಯುವವರೆಗೆ ಬಿಟ್ಟದ್ದೆಲ್ಲ ನೆಲಕ್ಕೆ. ದೋಟಿಯಲ್ಲಿ ಮದ್ದು ಬಿಡುವವರು ಮರದಿಂದ ಮರಕ್ಕೆ ಹೋಗುವಾಗ ಗನ್ ಮುಚ್ಚಿ, ಗೊನೆ ಇಲ್ಲದ ಮರ ಬಿಟ್ಟುಬಿಡಿ. ಉದುರಿದ ಕೊಳೆ ಅಡಿಕೆ, ಮರದಲ್ಲೇ ಒಣಗಿದ ಗೊನೆ ತೆಗೆದು ಸುಟ್ಟು, ಕಣಿಯಲ್ಲಿ ನೀರು ನಿಲ್ಲದಂತೆ ಮಾಡಿದರೆ ಮೂರನೆಯ ಸಲದ ಅಗತ್ಯವೇ ಬಾರದಿರಬಹುದು. ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದು ತಾಮ್ರವೇ ಬೇಡದ ದಾರಿ, ಕಟ್ಟುವ ಜನ ಸಿಕ್ಕರೆ. ತಾಮ್ರವಿಲ್ಲದ ಶಿಲೀಂಧ್ರನಾಶಕಗಳೂ ಬಂದಿವೆ. ಎರಡರಲ್ಲಿ ಒಂದು ಸಲಕ್ಕೆ ಅದನ್ನು ಬಳಸಿದರೆ ತಾಮ್ರ ಅರ್ಧಕ್ಕೆ ಇಳಿಯುತ್ತದೆ. ಯಾವುದು, ಎಷ್ಟು ಎಂಬುದಕ್ಕೆ ಆ ವರ್ಷದ ಶಿಫಾರಸನ್ನು ವಿಟ್ಲದ ಕೇಂದ್ರದಲ್ಲಿ ಕೇಳಿಕೊಂಡೇ ತನ್ನಿ.

ಬ್ಯಾರೆಲ್ ತೊಳೆಯುವ ನೀರು ತೋಡಿಗೆ ಹೋಗಬಾರದು. ಮನುಷ್ಯನಿಗೆ ಏನೂ ಮಾಡದಷ್ಟು ತಾಮ್ರ ಮೀನಿನ ಕಿವಿರಿಗೆ ವಿಷ. ಉಳಿದ ಮದ್ದನ್ನು ಒಂದೇ ಮರಕ್ಕೆ ಸುರಿಯದೆ ನೀರು ಬೆರೆಸಿ ಹತ್ತಿಪ್ಪತ್ತು ಮರದ ಗೊನೆಗೇ ಬಿಡಿ. ಕಲಸುವ ಜಾಗ ಬಾವಿಯ ಹತ್ತಿರ ಇದ್ದರೆ ಈ ವರ್ಷವೇ ದೂರ ಸಾಗಿಸಿ, ಬಾವಿ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಹೇಳುವ ಮಿತಿ ಲೀಟರಿಗೆ 0.05 ಮಿ.ಗ್ರಾಂ., ಬೇರೆ ನೀರಿನ ಮೂಲ ಇಲ್ಲದಿದ್ದಾಗ 1.5.

ಮರುಪರೀಕ್ಷೆ ನಾಲ್ಕೈದು ವರ್ಷಕ್ಕೊಮ್ಮೆ ಸಾಕು, ಅದೇ ತಿಂಗಳು, ಅದೇ ಮರಗಳು, ಅದೇ ಆಳ. ಮರಗಳಿಗೆ ನಂಬರ್ ಹಾಕಿಡಿ. ಈ ಸಲ ಜರಡಿ ಹಿಡಿದ ಮಣ್ಣಿನಲ್ಲಿ ಕಾಲು ಕೆ.ಜಿ.ಯಷ್ಟನ್ನು ಒಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ತಾರೀಕು ಬರೆದು ಅಟ್ಟದ ಮೇಲೆ ಇಟ್ಟುಬಿಡಿ. ಐದು ವರ್ಷದ ಮೇಲೆ ಪ್ರಯೋಗಾಲಯ ಬದಲಾಗಿ ಅಂಕಿ ವಿಚಿತ್ರವಾಗಿ ಬಂದರೆ, ಹೊಸ ಚೀಲಗಳ ಜತೆ ಆ ಡಬ್ಬಿಯದ್ದನ್ನೂ ಕಳಿಸಬಹುದು. ಅದರೊಳಗಿನ ತಾಮ್ರ ಅಷ್ಟೇ ಇರುತ್ತದೆ.